ಒಂದೇ ಸಂಜೆ, ಎರಡು ಫೈನಲ್: ಯಾವುದು ನೋಡೋದು?

ದಾವಣಗೆರೆಯಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಜನ ಸೇರಿಸುವುದು ಕಷ್ಟ, ಅಲ್ವಾ? ಅದಕ್ಕೇ ಬೆಣ್ಣೆದೋಸೆ ಆಸೆ ತೋರಿಸಿ, ಮನೆಗೆ ಕರೆದು, ಹಳೆಯ ಫುಟ್‌ಬಾಲ್ ಫೈನಲ್ ಒಂದನ್ನು ಹಾಕಿ. ಬೆಂಗಳೂರು ಎಫ್‌ಸಿ ಗೆದ್ದ ಎರಡು ಕಪ್ ನನ್ನ ಕಣ್ಣ ಮುಂದಿವೆ.

2018ರ ಸೂಪರ್ ಕಪ್ ಭುವನೇಶ್ವರದಲ್ಲಿ ನಡೆಯಿತು. ಫೈನಲ್‌ಗಿಂತ ಅದರ ದಾರಿಯೇ ಚೆಂದ. ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ಮೊದಲು ಗೋಲು ಹೊಡೆಯಿತು. ಮೇಲಿಂದ ನಮ್ಮವರೊಬ್ಬರಿಗೆ ಕೆಂಪು ಕಾರ್ಡ್, ಅಂದರೆ ಆಟದಿಂದಲೇ ಹೊರಗೆ. ಮುಗೀತು ಅಂದುಕೊಳ್ಳುವಾಗ ನಮ್ಮ ಮಿಕು ಮೂರು ಗೋಲಿನ ಹ್ಯಾಟ್ರಿಕ್ ಹೊಡೆದರು, ಹತ್ತೇ ಜನ 4-2ರಲ್ಲಿ ಗೆದ್ದರು! ಫೈನಲ್‌ನಲ್ಲೂ ಎದುರಾಳಿ ಈಸ್ಟ್ ಬೆಂಗಾಲ್‌ನದ್ದೇ ಮೊದಲ ಗೋಲು. ಈ ಸಲ ಕೆಂಪು ಕಾರ್ಡ್ ಅವರಿಗೆ. ಕೊನೆಗೆ 4-1. ಛೆಟ್ರಿ ಎರಡು, ಭೇಕೆ ಮತ್ತು ಮಿಕು ಒಂದೊಂದು.

2022ರ ಡುರಾಂಡ್ ಕಪ್‌ಗೆ ತೂಕ ಜಾಸ್ತಿ. 1888ರಲ್ಲಿ ಶುರುವಾದ ಟೂರ್ನಿ, ಏಷ್ಯಾದಲ್ಲೇ ಹಳೆಯದು. ಗೆದ್ದವರಿಗೆ ಒಂದಲ್ಲ, ಮೂರು ಟ್ರೋಫಿ. ದಾರಿ ಮಾತ್ರ ಉಸಿರು ಬಿಗಿ ಹಿಡಿಸುವಂಥದ್ದು: ಒಡಿಶಾ ಮೇಲೆ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಯ್ ಕೃಷ್ಣ ಗೋಲು, ಹೈದರಾಬಾದ್ ಮೇಲೆ 1-0. ಕೋಲ್ಕತ್ತದ ಫೈನಲ್‌ನಲ್ಲಿ ಮುಂಬೈ ಸಿಟಿ ಮೇಲೆ 2-1. ಶಿವಶಕ್ತಿ ಮೊದಲು ಹೊಡೆದರು, ಮುಂಬೈ ಸಮ ಮಾಡಿತು, ಕಾರ್ನರ್ ಕಿಕ್‌ಗೆ ತಲೆ ಕೊಟ್ಟು ಅಲನ್ ಕೋಸ್ಟಾ ಗೆಲ್ಲಿಸಿದರು.

ಫುಟ್‌ಬಾಲ್ ಹೊಸದಾಗಿ ನೋಡುವವರು ಜಾಸ್ತಿ ಇದ್ದರೆ 2018 ಹಾಕಿ. ಗೋಲು ಬೀಳದಿದ್ದರೆ ಅವರು ಸುಮ್ನೆ ಮೊಬೈಲ್ ತೆಗೀತಾರೆ. ಆಟ ಗೊತ್ತಿರುವ ನಾಲ್ಕು ಜನರಾದರೆ 2022. ನನ್ನ ಮನೆಯಲ್ಲಾದರೆ? 2018ರ ಸೆಮಿಫೈನಲ್ಲೇ, ಫೈನಲ್ ಆಮೇಲೆ ನೋಡಿದರಾಯಿತು.