ಯೆಜ್ಡಿಗೆ ಯಾವ ಆಯಿಲ್ ಸೀಲ್? ಮೂರು ಥರದ್ದೂ ಹಾಕಿ ನೋಡಿದೆ

ಹಳೇ ಗಾಡಿ ರೆಡಿ ಮಾಡುವವರಿಗೆ ‘ಒರಿಜಿನಲ್’ ಅಂದರೆ ಪ್ರಾಣ. ಟ್ಯಾಂಕ್ ಬ್ಯಾಡ್ಜಿಗಾಗಿ, ಹೆಡ್‌ಲೈಟ್ ರಿಮ್ಮಿಗಾಗಿ ನಾನೂ ಊರೆಲ್ಲ ಅಲೆಯುತ್ತೇನೆ. ಆದರೆ ಆಯಿಲ್ ಸೀಲ್ (ತಿರುಗುವ ಶಾಫ್ಟಿನ ಸುತ್ತ ಆಯಿಲ್, ಗಾಳಿ ದಾಟದಂತೆ ತಡೆಯುವ ರಬ್ಬರ್ ಬಳೆ) ಮಾತ್ರ ಕಂಪನಿ ಕಾಲದ್ದು ಬೇಡ. ನನ್ನ ಯೆಜ್ಡಿ 250 ಬೈಕಿಗೆ ಹಳೇ ಸ್ಟಾಕ್, ಈಗ ಸಿಗುವ ನೈಟ್ರೈಲ್, ವೈಟಾನ್ ಎಂಬ ಎರಡು ಥರದ ರಬ್ಬರಿನವು, ಹೀಗೆ ಮೂರೂ ಹಾಕಿ ಓಡಿಸಿದ ಮೇಲೆ ಹೇಳುತ್ತಿದ್ದೇನೆ.

ಟೂ ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕ್‌ಕೇಸೇ, ಅಂದರೆ ಪಿಸ್ಟನ್ ಕೆಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಪೆಟ್ಟಿಗೆಯೇ, ಪಂಪ್ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್-ಗಾಳಿ ಎಳೆಯುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಅದಕ್ಕೇ ಆ ಶಾಫ್ಟಿನ ಎರಡೂ ಕಡೆ ಸೀಲ್ ಬೇಕು. ಎಡಗಡೆ ಸೀಲಿನ ಆಚೆ ಪ್ರೈಮರಿ ಚೈನು, ಕ್ಲಚ್ಚು, ಗೇರ್ ಆಯಿಲ್ ಇರುತ್ತವೆ. ಆ ಸೀಲ್ ಹೋದರೆ ಆಯಿಲ್ ಒಳಗೆ ಎಳೆದುಕೊಂಡು ಸುಡುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರುವುದಿಲ್ಲ, ಆದರೂ ಗೇರ್ ಆಯಿಲ್ ಕಮ್ಮಿಯಾಗುತ್ತಾ ಬರುತ್ತದೆ. ಹಿಂದೆ ಬರುವವರಿಗೆ ರಸ್ತೆ ಕಾಣದಷ್ಟು ಹೊಗೆ. ಬಲಗಡೆ, ಡೈನಮೋ (ಕರೆಂಟ್ ಮಾಡುವ ಭಾಗ) ಹಿಂದಿನ ಸೀಲ್ ಹೋದರೆ ಇನ್ನೂ ಕಷ್ಟ. ಹೊರಗಿನ ಗಾಳಿ ಎಳೆದು ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿ ಬೀಳುತ್ತದೆ; ಐಡ್ಲಿಂಗ್ (ಆಕ್ಸಿಲರೇಟರ್ ಕೊಡದಿದ್ದಾಗಿನ ಎಂಜಿನ್ ವೇಗ) ತಾನಾಗೇ ಏರುತ್ತದೆ. ಹಾಗೇ ಚಾಮುಂಡಿ ಬೆಟ್ಟ ಹತ್ತಿಸಿದರೆ ಪಿಸ್ಟನ್ ಜಾಮ್ ಆಗೋ ಅಪಾಯ.

ಮೊದಲು ಹಳೇ ಸ್ಟಾಕ್. ಕವರಿನ ಮೇಲೆ ಕಂಪನಿ ಹೆಸರು ನೋಡಿದರೆ ಖುಷಿಯೇನೋ ಆಗುತ್ತದೆ. ಆದರೆ ಯೆಜ್ಡಿ ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಬಾಗಿಲು ಹಾಕಿದ್ದು 1996ರಲ್ಲಿ. ಲೆಕ್ಕ ಹಾಕಿ, ಆ ರಬ್ಬರಿಗೆ ವಯಸ್ಸೆಷ್ಟಾಯ್ತು? ಬಳಸದೆ ಇಟ್ಟರೂ ರಬ್ಬರ್ ಗಟ್ಟಿಯಾಗುತ್ತದೆ. ಸೀಲಿನ ತುಟಿಯನ್ನು, ಅಂದರೆ ಶಾಫ್ಟಿಗೆ ಒತ್ತಿ ಕೂರುವ ಒಳ ಅಂಚನ್ನು, ಉಗುರಲ್ಲಿ ಮಡಚಿ ನೋಡಿ. ನಾನು ತಂದ ಒಂದು ಸೀಲ್ ಹಪ್ಪಳದ ಹಾಗೆ ಬಿರುಕು ಬಿಟ್ಟಿತು, ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಚೆನ್ನಾಗಿ ಕಂಡದ್ದನ್ನು ಹಾಕಿದರೆ, ಎಂಜಿನ್ ಬಿಸಿಯಾದ ಮೇಲೆ ಮತ್ತೆ ಹೊಗೆ ಶುರು. ಇದಕ್ಕೇ ರೇಟು ಜಾಸ್ತಿ ಬೇರೆ!

ಹೊಸ ನೈಟ್ರೈಲ್ ಸೀಲ್ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಗಾಡಿ ಹೆಸರು ಹೇಳಬೇಕಂತಲೂ ಇಲ್ಲ. ಹಳೇ ಸೀಲಿನ ಮೇಲಿರುವ ಮೂರು ಅಂಕಿ ಹೇಳಿದರೆ ಸಾಕು: ಒಳ ಅಳತೆ, ಹೊರ ಅಳತೆ, ದಪ್ಪ. ಅಗ್ಗ, ಮೆತ್ತಗಿರುತ್ತದೆ, ಕೂರಿಸುವುದೂ ಸಲೀಸು. ಸುಮಾರು 100 ಡಿಗ್ರಿ ಬಿಸಿಗೆ ಏನೂ ಆಗುವುದಿಲ್ಲ. ಬರೀ ಆಯಿಲ್ ತಾಗುವ ಗೇರ್‌ಬಾಕ್ಸ್ ಕಡೆಗೆ ಇದೇ ಸಾಕು, ಅಲ್ಲಿ ವೈಟಾನ್ ಸುಮ್ನೆ ದುಡ್ಡು ದಂಡ.

ಕ್ರ್ಯಾಂಕಿಗೆ ಬಂದಾಗ ಕತೆ ಬೇರೆ. ಅಲ್ಲಿ ಪೆಟ್ರೋಲೂ ತಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಮಂಡ್ಯದ ಕಬ್ಬು ಬೆಲ್ಲ ಆಗೋ ಬದಲು ಟ್ಯಾಂಕಿಗೇ ಬಂದು ಕೂತಿದೆ ಅಂತ ನಾವು ತಮಾಷೆ ಮಾಡುತ್ತೇವೆ. ಬಿಚ್ಚಿ ನೋಡಿದಾಗ ನೈಟ್ರೈಲ್ ಸೀಲಿನ ತುಟಿ ಸ್ವಲ್ಪ ಉಬ್ಬಿ ಸಡಿಲವಾಗಿತ್ತು. ಸೋರುತ್ತಿರಲಿಲ್ಲ ನಿಜ, ಆದರೆ ಬಹಳ ದಿನ ಬಾಳುವ ಲಕ್ಷಣವೂ ಕಾಣಲಿಲ್ಲ.

ವೈಟಾನ್ ಎಥನಾಲಿಗೂ 200 ಡಿಗ್ರಿ ಬಿಸಿಗೂ ಜಗ್ಗುವುದಿಲ್ಲ. ಅದೇ ಓಟ ಓಡಿಸಿ ಬಿಚ್ಚಿದಾಗ ತುಟಿ ಚೂಪಾಗೇ ಇತ್ತು. ಆದರೆ ಕೂರಿಸುವಾಗ ಕೈ ಮೇಲೆ ನಿಗಾ ಇರಲಿ. ಶಾಫ್ಟಿನ ಥ್ರೆಡ್ಡು, ಕೀ ಕೂರುವ ಸೀಳಿನ ಅಂಚು ತಾಗಿದರೆ ತುಟಿ ಹರಿಯುತ್ತದೆ. ಅವುಗಳ ಮೇಲೆ ತೆಳು ಟೇಪ್ ಸುತ್ತಿ, ತುಟಿಗೆ ಆಯಿಲ್ ಸವರಿ ನಿಧಾನ ಜಾರಿಸಿ. ಹಳೇ ವೈಟಾನ್ ಸೀಲನ್ನು ಸುಡಬೇಡಿ, ಆ ಹೊಗೆ ವಿಷ. ನಾನು ಕ್ರ್ಯಾಂಕಿನ ಎರಡೂ ಕಡೆ ಇದನ್ನೇ ಉಳಿಸಿಕೊಂಡಿದ್ದೇನೆ.

ಇಷ್ಟೆಲ್ಲ ಆದರೂ ಶಾಫ್ಟ್ ಸರಿಯಿಲ್ಲದಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ. ಹಳೇ ತುಟಿ ಉಜ್ಜಿದ ಜಾಗದಲ್ಲಿ ಉಗುರು ಎಳೆಯಿರಿ. ಸಿಕ್ಕಿಕೊಂಡರೆ ಶಾಫ್ಟ್ ಸವೆದು ಗೀರು ಬಿದ್ದಿದೆ ಅಂತ ಅರ್ಥ. ಜಾಗ ಇದ್ದರೆ ಹೊಸ ಸೀಲನ್ನು ಒಂದು ಮಿ.ಮೀ. ಆಚೀಚೆ ಕೂರಿಸಿ, ತುಟಿಗೆ ಹೊಸ ಮೈ ಸಿಗುತ್ತದೆ. ಗೀರು ಆಳವಾಗಿದ್ದರೆ ಲೇತ್‌ನವರ ಹತ್ತಿರ ಶಾಫ್ಟಿನ ಮೇಲೆ ಸ್ಲೀವ್ (ತೆಳು ಲೋಹದ ಕೊಳವೆ) ಹಾಕಿಸುವುದೇ ದಾರಿ.

ಹೊಸ ಸೀಲ್ ಹಾಕಿದ ಮೇಲೂ ಸ್ವಲ್ಪ ದಿನ ಹೊಗೆ ಬಂದರೆ ಮೆಕ್ಯಾನಿಕ್ ಮೇಲೆ ಜಗಳಕ್ಕೆ ಹೋಗಬೇಡಿ. ಎರಡೂ ಸೈಲೆನ್ಸರ್ ಒಳಗೆ ಕೂತ ಹಳೇ ಆಯಿಲ್ ಸುಡುತ್ತಿರುತ್ತದೆ. ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೆಗೆದು ತೊಳೆದು, ಗೇರ್ ಆಯಿಲ್ ಲೆವೆಲ್ ಗುರುತು ಮಾಡಿಕೊಂಡು ಓಡಿಸಿ. ಲೆವೆಲ್ ಇಳಿದರೆ ಮಾತ್ರ ಮತ್ತೆ ಬಿಚ್ಚಿ.