ಎವರ್‌ಸೆನ್ಸ್ 365: ಚರ್ಮದಡಿ ವರ್ಷವಿಡೀ ಕೂರುವ ಷುಗರ್ ಸೆನ್ಸರ್

ಮುಳ್ಳು ಚುಚ್ಚಿದಾಗ ಮೈ ಏನು ಮಾಡುತ್ತದೋ, ಸೆನ್ಸರ್ ಇಟ್ಟಾಗಲೂ ಅದನ್ನೇ ಮಾಡುತ್ತದೆ. ನಿಮಿಷಗಳಲ್ಲಿ ಪ್ರೋಟೀನ್ ಮೆತ್ತಿಕೊಳ್ಳುತ್ತದೆ, ಬಿಳಿ ರಕ್ತಕಣಗಳು ಮುತ್ತಿ ಪೆರಾಕ್ಸೈಡ್ ಉಗುಳುತ್ತವೆ, ಕೆಲವು ವಾರಗಳಲ್ಲಿ ಸುತ್ತ ನಾರಿನ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಷ್ಟೂ ಗ್ಲೂಕೋಸ್ ಒಳಗೆ ಬರುವುದು ತಡ.

ಅಮೆರಿಕದ ಸೆನ್ಸಿಯೋನಿಕ್ಸ್ ಕಂಪನಿ ಇದಕ್ಕೆ ಮಾಡಿರುವ ಉಪಾಯ ಮೆಚ್ಚುವಂಥದ್ದು. ಸೆನ್ಸರ್ ಪಲ್ಯಕ್ಕೆ ಹೆಚ್ಚಿದ ಬೀನ್ಸ್ ತುಂಡಿನಷ್ಟು: 3.5 ಮಿ.ಮೀ. ದಪ್ಪ, 18.3 ಮಿ.ಮೀ. ಉದ್ದ. ಅದಕ್ಕೆ ತೊಡಿಸಿದ ಸಿಲಿಕೋನ್ ಉಂಗುರದಿಂದ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಔಷಧ ತುಸುತುಸುವೇ ಜಿನುಗಿ ಉರಿಯೂತ ತಗ್ಗಿಸುತ್ತದೆ. ಅಂಟಿಸುವ ಸೆನ್ಸರ್‌ಗಳಲ್ಲಿರುವ ಕಿಣ್ವ ಇಲ್ಲಿಲ್ಲ. ಗ್ಲೂಕೋಸ್ ತಾಗಿದರೆ ಹೊಳೆಯುವ ಬೋರಾನಿಕ್ ಆಮ್ಲದ ಜೆಲ್ ಇದೆ. ಅಮೆರಿಕದಲ್ಲಿ 2018ರ ಮಾದರಿ 90 ದಿನ, 2022ರ ಇ3 180 ದಿನ ಬಾಳುತ್ತಿದ್ದವು. 2024ರಲ್ಲಿ ಅದು ಒಂದು ವರ್ಷಕ್ಕೇರಿತು.

ಕಂಪನಿಯ ಪರೀಕ್ಷೆಯಲ್ಲಿ ಸರಾಸರಿ ವ್ಯತ್ಯಾಸ 8.8%. ಲ್ಯಾಬ್ 200 ಎಂದಾಗ ಇದು ಹದಿನೇಳು-ಹದಿನೆಂಟು ಅತ್ತಿತ್ತ ತೋರಿಸಬಹುದು. ಪರವಾಗಿಲ್ಲ. ಆದರೆ ಬೆರಳು ಚುಚ್ಚುವುದು ಪೂರ್ತಿ ತಪ್ಪುವುದಿಲ್ಲ: ಮೊದಲ ಎರಡು ವಾರ ದಿನಾ, ಆಮೇಲೆ ವಾರಕ್ಕೊಮ್ಮೆ ಕ್ಯಾಲಿಬ್ರೇಷನ್, ಅಂದರೆ ಬೆರಳಿನ ರಕ್ತದ ಅಂಕಿಗೆ ಸೆನ್ಸರನ್ನು ಹೊಂದಿಸುವುದು. ಊಟವಾದ ಕೂಡಲೇ ಮಾಡಿದರೆ ಕೆಟ್ಟಿತು. ರಕ್ತದಲ್ಲಿ ಷುಗರ್ ಏರುತ್ತಿರುವಾಗ ಚರ್ಮದಡಿಯ ದ್ರವ ಹಲವು ನಿಮಿಷ ಹಿಂದಿರುತ್ತದೆ, ಆ ತಪ್ಪು ಮುಂದಿನ ಅಂಕಿಗಳಿಗೂ ಅಂಟುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆ, ಕೈ ತೊಳೆದು ಒರೆಸಿಕೊಂಡ ಮೇಲೆ ಒಳ್ಳೆಯದು. ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯಾಟಿಕ್ ಮಾತ್ರೆ ನಡೆಯುತ್ತಿದ್ದರೆ ಅಂಕಿ ಇರುವುದಕ್ಕಿಂತ ಕಡಿಮೆ ಬರಬಹುದು.

ಸೆನ್ಸರ್‌ನಲ್ಲಿ ಬ್ಯಾಟರಿ ಇಲ್ಲ. ತೋಳಿನ ಮೇಲೆ ಅಂಟಿಸಿದ ಟ್ರಾನ್ಸ್‌ಮಿಟರ್ ಐದು ನಿಮಿಷಕ್ಕೊಮ್ಮೆ ಕರೆಂಟ್ ಕೊಟ್ಟು ಓದುತ್ತದೆ. ಅದನ್ನು ಸ್ನಾನಕ್ಕೋ ಚಾರ್ಜಿಗೋ ತೆಗೆದಿಟ್ಟಷ್ಟು ಹೊತ್ತಿನ ಲೆಕ್ಕ ಖಾಲಿ. ಅಂಟುಪಟ್ಟಿ ದಿನಾ ಬದಲಿಸಬೇಕು. ಷುಗರ್ ಇಳಿದರೆ ಫೋನ್ ಹತ್ತಿರ ಇಲ್ಲದಿದ್ದರೂ ತೋಳಿನ ಮೇಲೇ ಗುರ್ರೆನ್ನುತ್ತದೆ, ರಾತ್ರಿ ನಿದ್ದೆಯವರಿಗೆ ಇದೇ ದೊಡ್ಡ ಲಾಭ.

ಕೂರಿಸುವುದು ತರಬೇತಿ ಪಡೆದವರ ಕೆಲಸ. ಮರಗಟ್ಟಿಸಿ, ತೋಳಿನ ಹಿಂಬದಿ ಸಣ್ಣ ಗಾಯ ಮಾಡಿ, ಚರ್ಮದಡಿ 3ರಿಂದ 5 ಮಿ.ಮೀ. ಆಳದಲ್ಲಿ ಜಾಗ ಬಿಡಿಸುತ್ತಾರೆ. ಇನ್ನೂ ಆಳಕ್ಕಿಳಿದರೆ ಸಿಗ್ನಲ್ ಸೊರಗುತ್ತದೆ, ತೆಗೆಯುವಾಗ ಬೆರಳಿಗೂ ಸಿಗದೆ ಸತಾಯಿಸುತ್ತದೆ. ವರ್ಷ ಕಳೆದ ಮೇಲೆ ಪೊರೆ ಸೀಳಿಯೇ ಹೊರಗೆಳೆಯಬೇಕು. ಹೊಸದನ್ನು ಇನ್ನೊಂದು ತೋಳಿಗೆ ಇಡಿಸಿಕೊಳ್ಳಿ.