ಪಿಕ್ಚರ್ಡ್ ರಾಕ್ಸ್: ಪ್ರವಾಸಿ ದೋಣಿಯೋ, ಕಯಾಕೋ, ಕಾಲ್ನಡಿಗೆಯೋ?

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ, ಸುಪೀರಿಯರ್ ಸರೋವರದ ದಕ್ಷಿಣ ದಡದ ಉದ್ದಕ್ಕೂ ಪಿಕ್ಚರ್ಡ್ ರಾಕ್ಸ್ ಉದ್ಯಾನ ಹಬ್ಬಿದೆ. ಮ್ಯುನಿಸಿಂಗ್ ಊರಿನಿಂದ ಗ್ರ್ಯಾಂಡ್ ಮರೇವರೆಗೆ ಸುಮಾರು 68 ಕಿ.ಮೀ. ಅದರಲ್ಲಿ ನೀರಿನಿಂದ ನೇರ ಎದ್ದು ನಿಂತ ಮರಳುಗಲ್ಲಿನ ಗೋಡೆ ಸುಮಾರು 24 ಕಿ.ಮೀ.; ಕೆಲವೆಡೆ ಎತ್ತರ 200 ಅಡಿ ಮುಟ್ಟುತ್ತದೆ. ಇದನ್ನು ನೋಡಲು ಇರುವ ಮುಖ್ಯ ದಾರಿ ಮೂರು. ಮೂರನ್ನೂ ಮಾಡಿದವರಾಗಿ ನಾವು ಹೇಳುವುದು ಇಷ್ಟು: ಯಾವುದು ಚೆಂದ ಎಂಬುದಕ್ಕಿಂತ ಮೊದಲು ಆ ದಿನದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ. ದಿನಾಂಕ ಮೊದಲೇ ಗಟ್ಟಿಮಾಡಿಕೊಂಡು, ಗಾಳಿ ಕೈಕೊಟ್ಟಾಗ ಬೇರೆ ಏನೂ ತೋಚದೆ ದಡದಲ್ಲೇ ಉಳಿದುಬಿಡುವವರು ಇಲ್ಲಿ ಬಹಳ.

ಪ್ರವಾಸಿ ದೋಣಿ ಎಲ್ಲಕ್ಕಿಂತ ಸುಲಭ. ಮ್ಯುನಿಸಿಂಗ್ ಬಂದರಿನಿಂದ ಹೊರಟು ಎರಡೂವರೆ ಗಂಟೆಯೊಳಗೆ ವಾಪಸು. ಮಕ್ಕಳು, ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ. ಆದರೆ ಎಷ್ಟು ಗಂಟೆಯ ಟಿಕೆಟ್ ಎಂಬುದು ಇಲ್ಲಿ ಮುಖ್ಯ. ಗೋಡೆಗಳು ವಾಯವ್ಯಕ್ಕೆ ಮುಖಮಾಡಿವೆ. ಬೆಳಿಗ್ಗೆ ಅವುಗಳ ಮೇಲೆ ನೆರಳು ಬಿದ್ದಿರುತ್ತದೆ, ಬಣ್ಣ ಮಂಕು. ಮಧ್ಯಾಹ್ನ ಮೂರರ ನಂತರ ಬಿಸಿಲು ನೇರ ಬಿದ್ದಾಗಲೇ ಕಬ್ಬಿಣದ ಅಂಶದ ಕೆಂಪು ಮತ್ತು ಕಿತ್ತಳೆ, ತಾಮ್ರದ ನೀಲಿ-ಹಸಿರು, ಮ್ಯಾಂಗನೀಸ್‌ನ ಕಪ್ಪು ಪಟ್ಟೆಗಳು ಬೇರೆಬೇರೆಯಾಗಿ ಎದ್ದು ಕಾಣುವುದು. ಈ ಬಣ್ಣ ಕಲ್ಲಿನೊಳಗಿನದಲ್ಲ. ಕಲ್ಲಿನ ಬಿರುಕುಗಳಿಂದ ಜಿನುಗುವ ನೀರು ಖನಿಜಗಳನ್ನು ಹೊತ್ತು ತಂದು ಮೇಲ್ಮೈಯಲ್ಲಿ ಬಿಟ್ಟುಹೋದ ಕಲೆ. ಹಾಗಾಗಿ ಪಟ್ಟೆಗಳೆಲ್ಲ ಮೇಲಿಂದ ಕೆಳಕ್ಕೆ ಇಳಿದಿವೆ, ಕಲ್ಲಿನ ಪದರಗಳು ಮಾತ್ರ ಅಡ್ಡಡ್ಡ. ಹೋಗುವಾಗ ಗೋಡೆ ಬಲಕ್ಕೆ, ಬರುವಾಗ ಎಡಕ್ಕೆ ಸಿಗುತ್ತದೆ. ಮೇಲಿನ ಡೆಕ್ಕಿನಲ್ಲಿ ಬಲಬದಿ ಹಿಡಿದು ಕೂತರೆ ಮೊದಲ ನೋಟ ನಿಮ್ಮದು. ದೋಣಿ ಸ್ಪ್ರೇ ಫಾಲ್ಸ್‌ವರೆಗೆ ಹೋಗುತ್ತದೋ ಇಲ್ಲವೋ ಎಂದು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ: ಸುಮಾರು 70 ಅಡಿಯಿಂದ ನೇರ ಸರೋವರಕ್ಕೇ ಧುಮುಕುವ ಆ ಜಲಪಾತದ ಪೂರ್ತಿ ನೋಟ ಸಿಗುವುದು ನೀರಿನ ಮೇಲಿಂದ ಮಾತ್ರ. ಜುಲೈಯಲ್ಲೂ ಬೆಚ್ಚನೆಯ ಜಾಕೆಟ್ ಬೇಕು.

ಕಯಾಕ್ ಅಂದರೆ ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಅದರಲ್ಲಿ ಸಿಗುವ ಅನುಭವಕ್ಕೆ ಉಳಿದ ಎರಡೂ ಸಾಟಿಯಲ್ಲ. ಲವರ್ಸ್ ಲೀಪ್ ಕಮಾನಿನ ಅಡಿಯಲ್ಲೇ ನುಸುಳಬಹುದು. ಗೋಡೆಯಿಂದ ತೊಟ್ಟಿಕ್ಕುವ ಹನಿಗಳ ಸದ್ದು ಕೇಳುತ್ತದೆ. ಅಪಾಯವೂ ಇದರಲ್ಲೇ ಹೆಚ್ಚು, ಅದಕ್ಕೇ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತೆರೆದ ದಡದಲ್ಲಿ ಅಲೆ ಮರಳಿಗೆ ಬಡಿದು ಸಾಯುತ್ತದೆ. ಇಲ್ಲಿ ಗೋಡೆಗೆ ಬಡಿದು ಹಿಂದಿರುಗುತ್ತದೆ. ಬರುವ ಅಲೆಯೂ ಮರಳುವ ಅಲೆಯೂ ಒಂದರ ಮೇಲೊಂದು ಏರಿದಾಗ 1 ಅಡಿಯ ಅಲೆ 2 ಅಡಿಯ ಹತ್ತಿರಕ್ಕೆ ಬರುತ್ತದೆ. ಅದೂ ಒಂದೇ ದಿಕ್ಕಿನಿಂದಲ್ಲ, ಕುದಿಯುವ ನೀರಿನಂತೆ ಎಲ್ಲ ಕಡೆಯಿಂದ. ದಡ ಹತ್ತಲು ಜಾಗವೆಂದರೆ ಮೈನರ್ಸ್ ಬೀಚ್ ಬಿಟ್ಟರೆ ಮಸ್ಕೀಟೊ ಬೀಚ್, ಅದು ಬಿಟ್ಟರೆ ಚಾಪೆಲ್ ಬೀಚ್. ನಡುವೆ ಕಷ್ಟವಾಯಿತೆಂದು ದಡ ಸೇರಲು ಹೋದರೆ ಎದುರಿಗೆ ಗೋಡೆಯೇ. ಬೇಸಿಗೆಯಲ್ಲೂ ನೀರು 15 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪ. ಬಿದ್ದ ಕೆಲವೇ ನಿಮಿಷಗಳಲ್ಲಿ ಬೆರಳುಗಳು ಹೇಳಿದಂತೆ ಕೇಳುವುದಿಲ್ಲ, ಮಗುಚಿದ ಕಯಾಕ್ ಹತ್ತಲು ಆಗುವುದಿಲ್ಲ.

ಹೀಗಾಗಿ ಕೊಳದಲ್ಲಿ ಆಡುವ 10 ಅಡಿಯ ಕಯಾಕ್ ತರಲೇಬೇಡಿ. 14 ಅಡಿಗಿಂತ ಉದ್ದದ ಸೀ ಕಯಾಕ್, ಕೂರುವ ಜಾಗಕ್ಕೆ ನೀರು ನುಗ್ಗದಂತೆ ಮುಚ್ಚುವ ಸ್ಪ್ರೇ ಸ್ಕರ್ಟ್, ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್ ಇರಬೇಕು. ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಕಯಾಕ್‌ನಲ್ಲಿ ಕಟ್ಟಿಟ್ಟು ಪ್ರಯೋಜನವಿಲ್ಲ. ತಲೆಕೆಳಗಾದಾಗ ಮತ್ತೆ ಹತ್ತುವ ಅಭ್ಯಾಸ ಇಲ್ಲದವರು ಗೈಡ್ ಜೊತೆಯೇ ಹೋಗಲಿ. ಉತ್ತರ ಅಥವಾ ವಾಯವ್ಯದ ಗಾಳಿ ಇದ್ದರೆ ಅಂದು ಕಯಾಕ್ ಬೇಡ. ದಕ್ಷಿಣದ ಗಾಳಿಗೆ ಗೋಡೆಯ ಮರೆಯಲ್ಲಿ ನೀರು ತಿಳಿಯಾಗಿರುತ್ತದೆ. ಆದರೆ ಗೋಡೆ ತಗ್ಗಿದ ಕಡೆಗಳಲ್ಲಿ ಅದೇ ಗಾಳಿ ನುಗ್ಗಿಬಂದು ಸರೋವರದ ನಡುವಿಗೆ ತಳ್ಳುತ್ತದೆ. ಇನ್ನೊಂದು: ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ. 2006ರಲ್ಲಿ, ಕೋಟೆಯಂತೆ ಕಾಣುವ ಮೈನರ್ಸ್ ಕಾಸಲ್ ಎಂಬ ಬಂಡೆಯ ಎರಡು ಕಲ್ಲುಗೋಪುರಗಳಲ್ಲಿ ಒಂದು ಕುಸಿಯಿತು. 2019ರ ಆಗಸ್ಟ್‌ನಲ್ಲಿ ಕಯಾಕ್ ಗುಂಪೊಂದರ ಸಮೀಪವೇ ಗೋಡೆಯ ದೊಡ್ಡ ಭಾಗ ನೀರಿಗೆ ಉರುಳಿತು.

ಕಾಲ್ನಡಿಗೆಯಲ್ಲಿ ಚಾಪೆಲ್-ಮಸ್ಕೀಟೊ ಸುತ್ತು ಸುಮಾರು 16.5 ಕಿ.ಮೀ.; ನಿಂತು ನೋಡುತ್ತ ನಡೆದರೆ ಆರೇಳು ಗಂಟೆ. ಒಂದು ಸತ್ಯ ಮೊದಲೇ ಹೇಳಿಬಿಡಬೇಕು: ನೀವು ಗೋಡೆಯ ನೆತ್ತಿಯ ಮೇಲೆ ನಡೆಯುತ್ತಿರುತ್ತೀರಿ, ಆದ್ದರಿಂದ ಕಾಲಡಿಯ ಗೋಡೆ ಕಾಣುವುದೇ ಇಲ್ಲ. ಗ್ರ್ಯಾಂಡ್ ಪೋರ್ಟಲ್‌ನಂಥ ಚಾಚು ತುದಿಗಳಿಂದ ಪಕ್ಕದ ಗೋಡೆ ಕಾಣುತ್ತದೆ, ಅಷ್ಟೆ. ಅಲ್ಲಿ ಅಂಚಿಗೆ ಹೋಗುವುದು ಬೇಡ. ಮೇಲೆ ಗಟ್ಟಿ ನೆಲದಂತೆ ಕಂಡರೂ ಅಡಿಯಲ್ಲಿ ಅಲೆ ಕೊರೆದಿರುತ್ತದೆ. ನಡಿಗೆಯ ಲಾಭವಿರುವುದು ಒಳಗಿನ ಜಲಪಾತ, ಕಾಡು, ಮರಳ ದಡಗಳಲ್ಲಿ. ಚಾಪೆಲ್ ರಾಕ್ ಎಂಬ ಬಂಡೆಯ ಮೇಲಿನ ಒಂಟಿ ಪೈನ್ ಮರವೊಂದೇ ಸಾಕು ಇಷ್ಟು ದೂರ ನಡೆಯಲು. ಬಂಡೆಯನ್ನು ದಡಕ್ಕೆ ಜೋಡಿಸಿದ್ದ ಕಲ್ಲಿನ ಕಮಾನು 1940ರ ದಶಕದಲ್ಲಿ ಬಿದ್ದುಹೋಯಿತು. ಅದರ ಮೇಲೆ ಹಾದಿದ್ದ ಬೇರು ಈಗ ಹಗ್ಗದ ಹಾಗೆ ಗಾಳಿಯಲ್ಲೇ ಚಾಚಿಕೊಂಡು ದಡದ ಮಣ್ಣಿನಿಂದ ಮರಕ್ಕೆ ಆಹಾರ ಒಯ್ಯುತ್ತಿದೆ. ಆ ಬೇರನ್ನು ಮುಟ್ಟಬೇಡಿ, ಬಂಡೆಯನ್ನು ಹತ್ತಬೇಡಿ.

ಮಸ್ಕೀಟೊ ಕಡೆಯಿಂದ ಶುರುಮಾಡಿ ಚಾಪೆಲ್ ಕಡೆಯಿಂದ ಮರಳುವುದು ನಮ್ಮ ಆಯ್ಕೆ. ಬೇರು, ಕೆಸರು ಇರುವ ಭಾಗ ಕಾಲಲ್ಲಿ ಕಸುವಿರುವಾಗಲೇ ಮುಗಿಯುತ್ತದೆ; ಕೊನೆಯಲ್ಲಿ ಸಿಗುವುದು ಚಾಪೆಲ್ ಫಾಲ್ಸ್ ಪಕ್ಕದ ಅಗಲವಾದ ಹಳೆಯ ಗಾಡಿದಾರಿ. ಅಷ್ಟು ಆಗದವರು ಚಾಪೆಲ್ ಫಾಲ್ಸ್‌ವರೆಗೆ ಮಾತ್ರ ಹೋಗಿಬರಲಿ, ಹೋಗಿಬರುವುದು ಸೇರಿ ಸುಮಾರು 4 ಕಿ.ಮೀ. ಒಬ್ಬರಿಗೆ 3 ಲೀಟರ್ ನೀರು, ಇಲ್ಲವೇ ಫಿಲ್ಟರ್ ಇರಲಿ. ಜುಲೈ-ಆಗಸ್ಟ್‌ನಲ್ಲಿ ಬೆಳಿಗ್ಗೆ ಬೇಗ ತಲುಪದಿದ್ದರೆ ಪಾರ್ಕಿಂಗ್ ಸಿಗುವುದಿಲ್ಲ, ಕೊನೆಯ ಮಣ್ಣುರಸ್ತೆಯ ಕುಲುಕಾಟಕ್ಕೆ ಸಮಯ ಬೇರೆ ಬೇಕು. ಈ ಹಾದಿಯಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ. ಜೂನ್‌ನಲ್ಲಿ ಸೊಳ್ಳೆ ಮತ್ತು ಕಪ್ಪು ನೊಣದ ಕಾಟ. ಆಮೇಲೆ ದಕ್ಷಿಣದ ಗಾಳಿ ಬೀಸಿದ ದಿನ ಮರಳ ದಡದಲ್ಲಿ ಕಣಕಾಲು ಕಚ್ಚುವ ನೊಣ ಮುತ್ತುತ್ತದೆ. ಅದಕ್ಕೆ ಕ್ರೀಮು ಅಷ್ಟಾಗಿ ನಾಟುವುದಿಲ್ಲ, ಉದ್ದ ಪ್ಯಾಂಟು ಮತ್ತು ದಪ್ಪ ಸಾಕ್ಸೇ ಮದ್ದು.

ಎರಡು ದಿನ ಕೈಯಲ್ಲಿದ್ದರೆ ರಾಷ್ಟ್ರೀಯ ಹವಾಮಾನ ಸೇವೆಯ ಅಲೆ ಮುನ್ಸೂಚನೆ ನೋಡಿ, ಶಾಂತವಾದ ದಿನವನ್ನು ನೀರಿಗೆ, ಗಾಳಿಯ ದಿನವನ್ನು ನಡಿಗೆಗೆ ಇಡಿ. ಒಂದೇ ದಿನವಾದರೆ ಬೆಳಿಗ್ಗೆ ಮೈನರ್ಸ್ ಫಾಲ್ಸ್ ಮತ್ತು ಮೈನರ್ಸ್ ಕಾಸಲ್ ಕಟ್ಟೆ, ಸಂಜೆಗೆ ದೋಣಿ. ಗಾಳಿಗೆ ದೋಣಿ ನಿಂತರೆ ಮ್ಯುನಿಸಿಂಗ್ ಫಾಲ್ಸ್‌ಗೆ ಹೋಗಿ, ಡಾಂಬರು ಹಾದಿ, ಹತ್ತು ನಿಮಿಷ ಸಾಕು. ಪ್ರವೇಶ ಪಾಸನ್ನು ಮಾತ್ರ ಊರಲ್ಲಿರುವಾಗಲೇ ಆನ್‌ಲೈನ್‌ನಲ್ಲಿ ಕೊಂಡು ಫೋನಿನಲ್ಲಿ ಉಳಿಸಿಕೊಳ್ಳಿ. ಉದ್ಯಾನದೊಳಗೆ ಬಹುಪಾಲು ಕಡೆ ಸಿಗ್ನಲ್ ಇರುವುದಿಲ್ಲ.